ತಪ್ಪು ಮಾಡದ ಗಾಡಿಯ ನಂಬರನ್ನು ಅಳಿಸಿಹಾಕಿ: ಗೃಹ ಮತ್ತು ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು ಹಾಗೂ ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿಗಳು: ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳಿಗೆ

ವಿಷಯ: ವಾಹನಗಳ ನಂಬರ್ ಓದುವ ಕ್ಯಾಮೆರಾಗಳ ಬಳಕೆಗೆ ನಿಯಮ ರೂಪಿಸುವ ಬಗ್ಗೆ.

ಮಾನ್ಯರೇ,

ಈ ಪತ್ರ ಕ್ಯಾಮೆರಾ ಬೇಡ ಎನ್ನಲು ಬರೆದದ್ದಲ್ಲ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಎರಡೂ ಜಿಲ್ಲೆಗಳ ನಡುವೆ ಹಾದುಹೋಗುತ್ತದೆ. ಹಿರಿಯೂರಿನಿಂದ ಹರಿಹರದವರೆಗಿನ ದಾರಿಯಲ್ಲಿ ರಾತ್ರಿ ಹೊತ್ತು ಗುದ್ದಿ ನಿಲ್ಲಿಸದೆ ಓಡಿಹೋದ ಲಾರಿಯನ್ನು ಹಿಡಿಯಲು ನಂಬರ್ ಓದುವ ಕ್ಯಾಮೆರಾ ಎಷ್ಟು ನೆರವಾಗುತ್ತದೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ತಕರಾರು ಬೇರೆ. ಆ ಕ್ಯಾಮೆರಾ ಓಡಿಹೋದ ಲಾರಿಯ ನಂಬರನ್ನಷ್ಟೇ ಬರೆದುಕೊಳ್ಳುವುದಿಲ್ಲ. ಅದರ ಹಿಂದೆ ಮುಂದೆ ಹಾದುಹೋದ, ಯಾವ ತಪ್ಪೂ ಮಾಡದ ಸಾವಿರಾರು ಗಾಡಿಗಳ ನಂಬರನ್ನೂ ಬರೆದಿಟ್ಟುಕೊಳ್ಳುತ್ತದೆ. ಆ ಸಾವಿರಾರು ಸಾಲುಗಳನ್ನು ಯಾವಾಗ ಅಳಿಸಬೇಕು, ಅದುವರೆಗೆ ಯಾರು ನೋಡಬಹುದು ಎಂದು ಹೇಳುವ ನಿಯಮ ಬೇಕು. ಅದನ್ನು ಕೇಳಲು ಈ ಪತ್ರ.

ಯಂತ್ರ ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಬೇಕು, ತೊಂದರೆ ಹುಟ್ಟುವುದು ಅಲ್ಲಿಂದಲೇ. ಕಂಬದ ಮೇಲಿನ ಸಾಮಾನ್ಯ ಸಿಸಿಟಿವಿ ದೃಶ್ಯವನ್ನು ಚಿತ್ರೀಕರಿಸುತ್ತದೆ, ನಂಬರ್ ಓದುವ ಕ್ಯಾಮೆರಾ ಆ ದೃಶ್ಯವನ್ನು ಅಕ್ಷರಕ್ಕೆ ಇಳಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 16.7 ಮೀಟರ್ ಮುಂದೆ ಹೋಗುತ್ತದೆ. ಸೆಕೆಂಡಿನ 50ರಲ್ಲೊಂದು ಭಾಗದಷ್ಟು ಹೊತ್ತು ಕ್ಯಾಮೆರಾದ ಶಟರ್ ತೆರೆದಿದ್ದರೂ ಗಾಡಿ 33 ಸೆಂ.ಮೀ. ಸರಿದು ಅಕ್ಷರಗಳು ಕಲಸಿಹೋಗುತ್ತವೆ. ಅದಕ್ಕೇ ಈ ಕ್ಯಾಮೆರಾಗಳನ್ನು 1000ದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ತೆರೆಯುವಂತೆ ಹೊಂದಿಸಿ, ಬೆಳಕು ಸಾಲದ ಕಾರಣ ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪವನ್ನು ಜೊತೆಗೆ ಕೊಡುತ್ತಾರೆ. ಮಿನುಗುವ ನಂಬರ್ ಪ್ಲೇಟು ಆ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ತಂತ್ರಾಂಶ ಪ್ಲೇಟನ್ನು ಕತ್ತರಿಸಿ ತೆಗೆದು, ಒಂದೊಂದೇ ಅಕ್ಷರ ಗುರುತಿಸಿ, ಒಂದು ಸಾಲು ಬರೆಯುತ್ತದೆ: ನಂಬರ್, ದಿನಾಂಕ, ಗಂಟೆ ನಿಮಿಷ ಸೆಕೆಂಡು, ಯಾವ ಕ್ಯಾಮೆರಾ, ಯಾವ ದಿಕ್ಕು. ಪಕ್ಕದಲ್ಲಿ ಗಾಡಿಯ ಒಂದು ಫೋಟೊ. ಆಮೇಲೆ ಆ ನಂಬರನ್ನು ಕದ್ದ ಗಾಡಿ, ಹುಡುಕುತ್ತಿರುವ ಗಾಡಿಗಳ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿದ್ದರೆ ಕಂಟ್ರೋಲ್ ರೂಮಿನಲ್ಲಿ ಎಚ್ಚರಿಕೆ ಮೊಳಗುತ್ತದೆ. ಇಲ್ಲದಿದ್ದರೂ ಆ ಸಾಲು ಹಾಗೇ ಉಳಿಯುತ್ತದೆ.

ಉಳಿಯುವುದಕ್ಕೆ ಒಂದು ಸರಳ ಕಾರಣವಿದೆ. ವಿಡಿಯೊ ದೊಡ್ಡದು. ಡಿಸ್ಕ್ ತುಂಬಿದಾಗ ಹಳೆಯ ವಿಡಿಯೊದ ಮೇಲೆ ಹೊಸದು ಬಂದು ಕೂರುತ್ತದೆ, ಯಾರೂ ಅಳಿಸದಿದ್ದರೂ ಅಳಿದುಹೋಗುತ್ತದೆ. ನಂಬರಿನ ಸಾಲು ಹಾಗಲ್ಲ. ಒಂದು ಸಾಲಿಗೆ 100 ಬೈಟ್ ಎಂದುಕೊಳ್ಳಿ. ದಿನಕ್ಕೆ 10,000 ಗಾಡಿ ಹಾದುಹೋಗುವ ಒಂದು ಕ್ಯಾಮೆರಾದ ದಿನದ ಲೆಕ್ಕ 1 ಎಂಬಿ, ವರ್ಷದ್ದು 365 ಎಂಬಿ. ಅಂಥ 50 ಕ್ಯಾಮೆರಾಗಳ ಒಂದು ವರ್ಷದ ದಾಖಲೆ, ಫೋಟೊ ಬಿಟ್ಟರೆ, 32 ಜಿಬಿ ಪೆನ್‌ಡ್ರೈವ್‌ನಲ್ಲಿ ಹಿಡಿದು ಇನ್ನೂ ಜಾಗ ಮಿಗುತ್ತದೆ. ಒಂದು ಊರಿನವರೆಲ್ಲ ವರ್ಷವಿಡೀ ಎಲ್ಲೆಲ್ಲಿ ಓಡಾಡಿದರು ಎಂಬ ಪುಸ್ತಕವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಹೊರಗೆ ನಡೆಯಬಹುದು. ಜಾಗದ ಅಭಾವದಿಂದ ತಾನಾಗಿಯೇ ಅಳಿಯುವ ದಾಖಲೆ ಇದಲ್ಲ. ಅಳಿಸು ಎಂಬ ಆದೇಶವಿದ್ದರೆ ಮಾತ್ರ ಅಳಿಯುತ್ತದೆ.

ಕಾನೂನಿನಲ್ಲಿ ಈಗ ಏನಿದೆ? 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 136ಎ ಕಲಮು ಸೇರಿತು. ಅದರಡಿ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಬಂತು. ಹೆದ್ದಾರಿಗಳ ಅಪಾಯದ ಭಾಗಗಳಲ್ಲಿ, 10 ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ಮತ್ತು ಪಟ್ಟಿ ಮಾಡಿದ 132 ನಗರಗಳ ಮುಖ್ಯ ಜಂಕ್ಷನ್‌ಗಳಲ್ಲಿ ಇಂಥ ಸಾಧನಗಳನ್ನು ಅಳವಡಿಸಬೇಕೆಂದು ಅದು ಹೇಳುತ್ತದೆ. ದಾವಣಗೆರೆ ಆ ಪಟ್ಟಿಯಲ್ಲಿದೆ. ಚಿತ್ರದುರ್ಗ ನಗರ ಪಟ್ಟಿಯಲ್ಲಿಲ್ಲ, ಆದರೆ ಹೆದ್ದಾರಿ 48 ಮತ್ತು 50 ಎರಡೂ ಸೇರುವ ಊರು ಅದು. ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳಲ್ಲಿ ಒಂದಾಗಿ ಆಯ್ಕೆಯಾದ ಮೇಲೆ ನಗರದ ಕ್ಯಾಮೆರಾಗಳನ್ನೆಲ್ಲ ಒಂದೇ ಕಡೆ ಕೂತು ನೋಡುವ ಕಮಾಂಡ್ ಕಂಟ್ರೋಲ್ ಸೆಂಟರ್ ಕೂಡ ಬಂತು. ಹಾಗಾಗಿ ಈ ಪ್ರಶ್ನೆ ಬೆಂಗಳೂರಿನವರದ್ದು ಮಾತ್ರ ಎಂದು ನಾವು ಸುಮ್ಮನಿರುವಂತಿಲ್ಲ.

167ಎ ನಿಯಮದಲ್ಲಿ ಒಳ್ಳೆಯ ಅಂಶಗಳಿವೆ. ಪ್ರತಿ ಸಾಧನಕ್ಕೂ ರಾಜ್ಯ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರದ ಪ್ರಮಾಣಪತ್ರ ಬೇಕು, ಅದನ್ನು ವರ್ಷವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಭಾಗಕ್ಕೆ ಮುಂಚೆಯೇ ಎಲ್ಲರಿಗೂ ಕಾಣುವ ಎಚ್ಚರಿಕೆ ಫಲಕವಿರಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು, ಚಲನ್ ಇತ್ಯರ್ಥವಾಗುವವರೆಗೆ ದಾಖಲೆ ಇಡಬೇಕು. ಇಷ್ಟೂ ತಪ್ಪು ಮಾಡಿದವನ ಲೆಕ್ಕ. ತಪ್ಪೇ ಮಾಡದೆ ಹಾದುಹೋದವನ ಸಾಲನ್ನು ಏನು ಮಾಡಬೇಕು ಎಂಬಲ್ಲಿ ನಿಯಮ ಮೌನವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಲಮುಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಜಾರಿಗೆ ಬಂದ ಮೇಲೂ ಅಪರಾಧ ತಡೆ ಮತ್ತು ತನಿಖೆಗಾಗಿ ಬಳಸುವ ದತ್ತಾಂಶಕ್ಕೆ 17ನೇ ಕಲಮು ಬಹುಪಾಲು ವಿನಾಯಿತಿ ಕೊಡುತ್ತದೆ. ಈ ಖಾಲಿ ಜಾಗವನ್ನು ರಾಜ್ಯ ಸರ್ಕಾರವೇ ತುಂಬಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆ ಹಕ್ಕಿಗೆ ಸರ್ಕಾರ ಕೈಹಾಕುವುದಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು ಎಂದು ಆ ತೀರ್ಪು ಹೇಳಿತು. ತೀರ್ಪು ತಂದ ರಾಜ್ಯವೇ ಅದಕ್ಕೆ ತಕ್ಕ ನಿಯಮವನ್ನೂ ಮೊದಲು ತರಲಿ ಎಂಬುದು ನಮ್ಮ ಆಸೆ.

ಇನ್ನು ಯಂತ್ರದ ತಪ್ಪುಗಳು. ಇವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಏಕೆಂದರೆ ಕಂಟ್ರೋಲ್ ರೂಮಿನ ಪರದೆಯ ಮೇಲೆ ಅಚ್ಚಾದ ನಂಬರ್ ಕಂಡಾಗ ಅದು ತಪ್ಪಿರಬಹುದೆಂದು ಯಾರಿಗೂ ಅನ್ನಿಸುವುದಿಲ್ಲ. ಗುತ್ತಿಗೆದಾರರು ‘ಶೇ. 99 ನಿಖರ’ ಎನ್ನುವಾಗ ಅದು ಅಕ್ಷರದ ಲೆಕ್ಕವೋ ಪ್ಲೇಟಿನ ಲೆಕ್ಕವೋ ಎಂದು ಕೇಳಬೇಕು. ನಮ್ಮ ಪ್ಲೇಟಿನಲ್ಲಿ ಸಾಮಾನ್ಯವಾಗಿ 10 ಅಕ್ಷರ ಅಂಕಿಗಳಿರುತ್ತವೆ. ಒಂದೊಂದನ್ನೂ ಶೇ. 99ರಷ್ಟು ಸರಿಯಾಗಿ ಓದಿದರೂ ಹತ್ತೂ ಸರಿಯಿರುವ ಸಾಧ್ಯತೆ ಶೇ. 90ರಷ್ಟು ಮಾತ್ರ. ದಿನಕ್ಕೆ 10,000 ಗಾಡಿ ನೋಡುವ ಕ್ಯಾಮೆರಾ ಆ ಲೆಕ್ಕದಲ್ಲಿ ದಿನಕ್ಕೆ 950ಕ್ಕೂ ಹೆಚ್ಚು ನಂಬರುಗಳನ್ನು ತಪ್ಪಾಗಿ ಬರೆಯುತ್ತದೆ. 8 ಇದ್ದದ್ದು ‘ಬಿ’ ಆಗುತ್ತದೆ, 0 ಇದ್ದದ್ದು ‘ಡಿ’ ಆಗುತ್ತದೆ, 1 ಮತ್ತು 7, 5 ಮತ್ತು ‘ಎಸ್’ ಅದಲುಬದಲಾಗುತ್ತವೆ. ಯಾವ ಜಾಗದಲ್ಲಿ ಅಕ್ಷರ, ಯಾವ ಜಾಗದಲ್ಲಿ ಅಂಕಿ ಎಂದು ತಿಳಿದ ತಂತ್ರಾಂಶ ಇಂಥ ಕೆಲವನ್ನು ತಿದ್ದಿಕೊಳ್ಳಬಲ್ಲದು. ಆದರೆ 3 ಇದ್ದದ್ದು 8 ಎಂದಾದರೆ ತಿದ್ದಲು ದಾರಿಯೇ ಇಲ್ಲ, ಎರಡೂ ಅಂಕಿಗಳೇ. ಆ ನಂಬರಿನ ಇನ್ನೊಂದು ಗಾಡಿ ಎಲ್ಲೋ ನಿಜವಾಗಿಯೂ ಇರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುವುದು ಹೀಗೆ.

ನಮ್ಮ ಕಡೆಯ ರಸ್ತೆಗಳಲ್ಲಿ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ಕಾರು ಲಾರಿಗಳ ಪ್ಲೇಟಿನ ಅಕ್ಷರದ ಎತ್ತರ 65 ಮಿ.ಮೀ. ಬೈಕಿನ ಹಿಂದಿನ ಪ್ಲೇಟಿನಲ್ಲಿ ಅಕ್ಷರ 35, ಅಂಕಿ 40 ಮಿ.ಮೀ. ಮಾತ್ರ, ಅದೂ ಎರಡು ಸಾಲಿನಲ್ಲಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಎಲ್ಲಿ ನಿಂತು ನೋಡಿದರೂ ಬೈಕು ಸ್ಕೂಟರುಗಳದ್ದೇ ಸಾಲು. ಕಾರಿಗೆ ಹೊಂದಿಸಿದ ಕ್ಯಾಮೆರಾ ಅಲ್ಲಿ ಎಡವುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಕಡೆಗೆ ಬರುವ ಟ್ರಾಕ್ಟರುಗಳ ಪ್ಲೇಟಿನ ಮೇಲೆ ಕೆಮ್ಮಣ್ಣಿನ ಧೂಳು ಕೂತಿರುತ್ತದೆ. ಟ್ರಾಕ್ಟರಿಗೆ ಒಂದು ನಂಬರ್, ಹಿಂದಿನ ಟ್ರೇಲರಿಗೆ ಇನ್ನೊಂದು. ಮುಂದಿನ ಕ್ಯಾಮೆರಾ ಒಂದನ್ನು, ಹಿಂದಿನದು ಮತ್ತೊಂದನ್ನು ಓದಿ ಒಂದೇ ಬಂಡಿಯನ್ನು ಎರಡಾಗಿ ಬರೆಯುತ್ತದೆ. ಕನ್ನಡ ಅಂಕಿಯ ಪ್ಲೇಟುಗಳು ಇನ್ನೂ ಓಡಾಡುತ್ತಿವೆ. ನಿಯಮ ಅವಕ್ಕೆ ಒಪ್ಪಿಗೆ ಕೊಟ್ಟಿಲ್ಲ ಎಂಬುದು ನಿಜ, ಆದರೆ ಕನ್ನಡ ಅಂಕಿ ಕಲಿಸದ ತಂತ್ರಾಂಶ ಅವನ್ನು ಸುಮ್ಮನೆ ಬಿಡುವ ಬದಲು ಆಕಾರ ಹೋಲುವ ಇಂಗ್ಲಿಷ್ ಅಂಕಿಗೆ ತಿರುಗಿಸಿಬಿಟ್ಟರೆ ದಂಡದ ಚೀಟಿ ಯಾರ ಮನೆಗೆ ಹೋಗಬೇಕು?

ಗಡಿಯಾರದ ಮಾತೂ ಇದೆ. ಎರಡು ಕ್ಯಾಮೆರಾಗಳ ನಡುವಿನ ಹೊತ್ತು ನೋಡಿ ವೇಗ ಅಳೆಯುವ ಕಡೆ, ಎರಡರ ಗಡಿಯಾರವೂ ಒಂದೇ ಸಮಯ ತೋರಿಸಬೇಕು. 1 ಕಿ.ಮೀ. ದೂರವನ್ನು 60 ಸೆಕೆಂಡಿನಲ್ಲಿ ದಾಟಿದವನ ವೇಗ 60. ಗಡಿಯಾರ 5 ಸೆಕೆಂಡು ತಪ್ಪಿ ಅದು 55 ಸೆಕೆಂಡಾದರೆ ವೇಗ 65 ದಾಟುತ್ತದೆ. ಚಾಲಕ ಇದನ್ನು ಸಾಬೀತು ಮಾಡುವುದು ಹೇಗೆ? ಗಡಿಯಾರ ಹೊಂದಿಸಿದ ದಾಖಲೆ ಇರುವುದು ಇಲಾಖೆಯ ಕೈಯಲ್ಲಿ.

ತಪ್ಪು ಓದಿನ ಪರಿಣಾಮ ದಂಡದ ಚೀಟಿಗೇ ನಿಲ್ಲುವುದಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2009ರಲ್ಲಿ ಕ್ಯಾಮೆರಾ 3ನ್ನು 7 ಎಂದು ಓದಿತು. ಪೊಲೀಸರು ಆ ಕಾರು ಓಡಿಸುತ್ತಿದ್ದ ಮಹಿಳೆಯನ್ನು ಬಂದೂಕು ತೋರಿಸಿ ಇಳಿಸಿ, ಮಂಡಿಯೂರಿಸಿ ಕೈಕೋಳ ಹಾಕಿದರು. 2020ರಲ್ಲಿ ಕೊಲೊರಾಡೊದ ಅರೋರಾದಲ್ಲಿ ಬೇರೊಂದು ರಾಜ್ಯದ ಕದ್ದ ಬೈಕಿನ ನಂಬರಿಗೂ ಒಂದು ಕುಟುಂಬದ ಕಾರಿನ ನಂಬರಿಗೂ ಹೊಂದಿಕೆಯಾಗಿ, ಮಕ್ಕಳನ್ನು ಬಿಸಿ ನೆಲದ ಮೇಲೆ ಬೋರಲು ಮಲಗಿಸಿದರು. ಎರಡು ಕಡೆಯೂ ಗಾಡಿಯನ್ನು ಒಮ್ಮೆ ಕಣ್ಣಿಟ್ಟು ನೋಡಿ, ಪಟ್ಟಿಯಲ್ಲಿರುವ ಗಾಡಿ ಯಾವ ಬಗೆಯದು ಎಂದು ತಾಳೆ ನೋಡಿದ್ದರೆ ಸಾಕಿತ್ತು. ಪಟ್ಟಿ ಹಳತಾದರೂ ಇದೇ ಗತಿ. ಕದ್ದ ಬೈಕು ಸಿಕ್ಕು, ನ್ಯಾಯಾಲಯದಿಂದ ಮಾಲೀಕರ ಕೈಗೆ ಬಂದ ಮೇಲೂ ಪಟ್ಟಿಯಿಂದ ನಂಬರ್ ತೆಗೆಯದಿದ್ದರೆ, ಕಳೆದುಕೊಂಡವನೇ ಕಳ್ಳನಾಗಿ ಸಿಗ್ನಲ್‌ನಲ್ಲಿ ನಿಲ್ಲಬೇಕಾಗುತ್ತದೆ.

ನಂಬರ್ ಸರಿಯಾಗಿಯೇ ಓದಿದರೂ ಅದು ಗಾಡಿಯ ಗುರುತು, ಮನುಷ್ಯನ ಗುರುತಲ್ಲ. ಒಂದು ಮನೆಯ ಬೈಕನ್ನು ಅಪ್ಪ, ಮಗ, ಅಳಿಯ, ಪಕ್ಕದ ಮನೆಯವರು ಎಲ್ಲರೂ ಓಡಿಸುತ್ತಾರೆ. ‘ಗಾಡಿ ಕೊಡು, ಹೀಗೆ ಹೋಗಿ ಹಾಗೆ ಬರ್ತೀನಿ’ ಎಂದು ಕೇಳಿದವರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ಗಾಡಿ ಮಾರಿದವರು ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟಿರುತ್ತಾರೆ, ಕೊಂಡವರು ಆರ್‌ಟಿಒ ಕಚೇರಿಗೆ ಹೋಗುವುದೇ ಇಲ್ಲ. ಆರ್‌ಸಿಯಲ್ಲಿ ಹಳೆಯ ಹೆಸರೇ ಇರುತ್ತದೆ. ಕ್ಯಾಮೆರಾದ ಸಾಲನ್ನೇ ‘ಇಂಥವರು ಇಂಥ ಹೊತ್ತಿಗೆ ಇಲ್ಲಿದ್ದರು’ ಎಂಬ ಸಾಕ್ಷಿಯಾಗಿ ಎತ್ತಿಕೊಳ್ಳುವ ಮುಂಚೆ ತನಿಖಾಧಿಕಾರಿಗಳು ಇದನ್ನು ನೆನಪಿಡಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಸಾಲು ಏನನ್ನೂ ಹೇಳುವುದಿಲ್ಲ. ಆರು ತಿಂಗಳ ಸಾಲುಗಳನ್ನು ಜೋಡಿಸಿದರೆ ಒಬ್ಬರ ಬದುಕೇ ಕಾಣುತ್ತದೆ. ಪ್ರತಿ ಮಂಗಳವಾರ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರು ಯಾರು, ಶುಕ್ರವಾರ ಮಸೀದಿಯ ಬೀದಿಯಲ್ಲಿ, ಸೋಮವಾರ ಮಠದ ಬೀದಿಯಲ್ಲಿ ಗಾಡಿ ನಿಲ್ಲಿಸುವವರು ಯಾರು, ಜಯದೇವ ವೃತ್ತದಲ್ಲಿ ಧರಣಿ ನಡೆದ ದಿನ ಸುತ್ತಮುತ್ತ ಇದ್ದ ಗಾಡಿಗಳು ಯಾವುವು, ಭದ್ರಾ ನಾಲೆಯ ನೀರಿಗಾಗಿ ರಸ್ತೆಗಿಳಿದ ರೈತರು ಯಾವ ಯಾವ ಹಳ್ಳಿಯಿಂದ ಬಂದರು, ಪತ್ರಕರ್ತರು ಸುದ್ದಿ ಕೊಟ್ಟವರನ್ನು ಎಲ್ಲಿ ಭೇಟಿಯಾದರು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. 15 ಲಕ್ಷ ಜನರ ಮೊಬೈಲ್ ಓಡಾಟವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಸ್ಥಳ ಮತ್ತು ಸಮಯದ ನಾಲ್ಕೇ ನಾಲ್ಕು ಬಿಂದುಗಳು ಸಿಕ್ಕರೆ ಶೇ. 95 ಜನರನ್ನು ಗುಂಪಿನಿಂದ ಬೇರ್ಪಡಿಸಬಹುದೆಂದು ತೋರಿಸಿತು. ಗಾಡಿಯ ನಂಬರಿಗೆ ಅಷ್ಟೂ ಶ್ರಮ ಬೇಕಿಲ್ಲ, ಅದರ ಹಿಂದೆ ಹೆಸರು ವಿಳಾಸ ಮೊದಲೇ ಇರುತ್ತದೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಸ್ಕೂಟರಿನಲ್ಲಿ ಹೊರಟ ಹೆಣ್ಣುಮಗಳನ್ನು ಹುಡುಕಲು, ಕಂಟ್ರೋಲ್ ರೂಮಿನಲ್ಲಿ ಕೂತ ಪರಿಚಯಸ್ಥನೊಬ್ಬನಿಗೆ ಮಾಡುವ ಒಂದು ಫೋನು ಸಾಕು. ಆ ಒಂದು ಫೋನಿನ ದಾರಿಯನ್ನು ಮುಚ್ಚಿ ಎಂದೇ ನಾವು ಕೇಳುತ್ತಿರುವುದು.

‘ತಪ್ಪು ಮಾಡದವನಿಗೆ ಭಯವೇಕೆ’ ಎಂದು ಕೇಳುವವರಿದ್ದಾರೆ. ಕೂಡಿಟ್ಟ ದಾಖಲೆ ಕೂಡಿಟ್ಟವರ ಕೈಯಲ್ಲೇ ಉಳಿಯುವುದಿಲ್ಲ, ಭಯ ಅದಕ್ಕೆ. ವಾಹನ ನೋಂದಣಿಯ ದತ್ತಾಂಶವನ್ನು ಸಗಟಾಗಿ ಹಂಚಲು ಕೇಂದ್ರ 2019ರಲ್ಲಿ ಒಂದು ನೀತಿಯನ್ನೇ ತಂದಿತ್ತು. 87 ಖಾಸಗಿ ಸಂಸ್ಥೆಗಳಿಗೆ ಆ ದತ್ತಾಂಶ ತಲುಪಿದ್ದು, ಅದರಿಂದ 65 ಕೋಟಿ ರೂಪಾಯಿ ಬಂದದ್ದು ಆ ವರ್ಷ ಸಂಸತ್ತಿನಲ್ಲಿ ಕೊಟ್ಟ ಉತ್ತರದಿಂದಲೇ ತಿಳಿಯಿತು. 2020ರಲ್ಲಿ ನೀತಿಯನ್ನು ಹಿಂದಕ್ಕೆ ಪಡೆದರು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 2020ರಲ್ಲಿ 86 ಲಕ್ಷ ವಾಹನ ದಾಖಲೆಗಳಿದ್ದ ನಂಬರ್ ಕ್ಯಾಮೆರಾ ವ್ಯವಸ್ಥೆ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ನಲ್ಲಿ ತೆರೆದು ಬಿದ್ದಿತ್ತು. ಅಮೆರಿಕದ ಗಡಿ ಇಲಾಖೆಯ ಗುತ್ತಿಗೆದಾರರು ಪ್ರಯಾಣಿಕರ ಮುಖ ಮತ್ತು ನಂಬರ್ ಪ್ಲೇಟಿನ ಚಿತ್ರಗಳನ್ನು ತಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಂಡದ್ದು 2019ರಲ್ಲಿ ಸೋರಿಕೆಯಾಯಿತು. ಸೋರುವ ಜಾಗಗಳು ಎಲ್ಲ ಕಡೆ ಒಂದೇ: ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದಿರುವುದು, ನಾಲ್ಕಾರು ಜನಕ್ಕೆ ಒಂದೇ ಲಾಗಿನ್, ದುರಸ್ತಿಗೆಂದು ಗುತ್ತಿಗೆದಾರರಿಗೆ ಕೊಟ್ಟ ದೂರದ ಪ್ರವೇಶವನ್ನು ಆಮೇಲೆ ಮುಚ್ಚದಿರುವುದು, ಬ್ಯಾಕಪ್ ಪ್ರತಿಯನ್ನು ಮರೆಯುವುದು.

ಅಳಿಸಿದರೆ ಕಳ್ಳರು ತಪ್ಪಿಸಿಕೊಳ್ಳುತ್ತಾರೆಂದು ಹೇಳುವುದಾದರೆ ಬೇರೆ ಕಡೆ ನೋಡಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನಿನಲ್ಲಿ ಪಟ್ಟಿಗೆ ಹೊಂದದ ನಂಬರನ್ನು 3 ನಿಮಿಷದೊಳಗೆ ಅಳಿಸಬೇಕು. ಜರ್ಮನಿಯ ಸಂವಿಧಾನ ನ್ಯಾಯಾಲಯ 2008ರಲ್ಲಿ ಎರಡು ರಾಜ್ಯಗಳ ನಂಬರ್ ಓದುವ ಕಾನೂನನ್ನು ರದ್ದುಮಾಡಿತು. ಪಟ್ಟಿಗೆ ಹೊಂದದೆ ಕೂಡಲೇ ಅಳಿಸಿದರೂ ಆ ತಪಾಸಣೆ ಹಕ್ಕಿಗೆ ಕೈಹಾಕಿದಂತೆಯೇ ಎಂದು 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಾವು 3 ನಿಮಿಷ ಕೇಳುತ್ತಿಲ್ಲ. ಸರ ಕಿತ್ತ ದೂರು ಸಂಜೆಗೆ ಬರುತ್ತದೆ, ಕಾಣೆಯಾದವರ ದೂರು ಮರುದಿನ ಬರುತ್ತದೆ, ಹಳ್ಳಿಯ ದೂರು ಠಾಣೆ ತಲುಪಲು ಇನ್ನೂ ಒಂದು ದಿನ ಹಿಡಿಯಬಹುದು. ಪೊಲೀಸರ ಈ ಕಷ್ಟವನ್ನು ಲೆಕ್ಕಕ್ಕೆ ಹಿಡಿದೇ ನಾವು 72 ಗಂಟೆ ಎನ್ನುತ್ತಿದ್ದೇವೆ.

ಹಾಗಾಗಿ ನಮ್ಮ ಮೊದಲ ಬೇಡಿಕೆ ಇದು: ಯಾವ ತಪ್ಪಿಗೂ, ಯಾವ ಪಟ್ಟಿಗೂ ಹೊಂದದ ನಂಬರು ಮತ್ತು ಅದರ ಫೋಟೊ 72 ಗಂಟೆಯೊಳಗೆ ತಾನಾಗಿ ಅಳಿಯಬೇಕು. ಸರ್ವರ್‌ನಿಂದ ಮಾತ್ರವಲ್ಲ, ಕ್ಯಾಮೆರಾದೊಳಗಿನ ಕಾರ್ಡು, ಬ್ಯಾಕಪ್, ಗುತ್ತಿಗೆದಾರರ ಬಳಿಯ ಪ್ರತಿ ಎಲ್ಲದರಿಂದಲೂ. ಒಂದು ಪ್ರಕರಣಕ್ಕೆ ಹೆಚ್ಚು ದಿನ ಬೇಕಿದ್ದರೆ ಎಫ್‌ಐಆರ್ ಸಂಖ್ಯೆ ಬರೆದು, ಇಂಥ ಕ್ಯಾಮೆರಾ, ಇಷ್ಟರಿಂದ ಇಷ್ಟು ಗಂಟೆ ಎಂದು ಡಿವೈಎಸ್‌ಪಿ ದರ್ಜೆಯ ಅಧಿಕಾರಿ ಲಿಖಿತ ಆದೇಶ ಕೊಟ್ಟು ಅಷ್ಟನ್ನು ಮಾತ್ರ ಎತ್ತಿಡಲಿ. ಹಾಗೆ ಎತ್ತಿಟ್ಟದ್ದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಕೇಳುವ ಹ್ಯಾಶ್ ಮೌಲ್ಯವನ್ನು (ದಾಖಲೆಯನ್ನು ಆಮೇಲೆ ತಿದ್ದಿಲ್ಲವೆಂದು ತೋರಿಸುವ ಗುರುತಿನ ಸಂಖ್ಯೆ) ಆಗಲೇ ಬರೆದಿಟ್ಟರೆ ನ್ಯಾಯಾಲಯದಲ್ಲಿ ಪೊಲೀಸರಿಗೂ ಅನುಕೂಲ.

ಎರಡನೆಯದು ಹುಡುಕಾಟದ ಲೆಕ್ಕ. ದಾಖಲೆ ನೋಡುವ ಪ್ರತಿಯೊಬ್ಬರಿಗೂ ಸ್ವಂತ ಲಾಗಿನ್ ಇರಲಿ. ಪ್ರಕರಣದ ಸಂಖ್ಯೆ, ಕಾರಣ ಬರೆಯದೆ ಹುಡುಕುವ ಗುಂಡಿ ಒತ್ತಲು ಬರಬಾರದು. ಯಾರು, ಯಾವಾಗ, ಯಾವ ನಂಬರ್ ಹುಡುಕಿದರು ಎಂಬ ದಾಖಲೆಯನ್ನು ಅವರೇ ತಿದ್ದಲು ಆಗಬಾರದು, ಅದನ್ನು ಐದು ವರ್ಷ ಇಡಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಂಥ, ಪೊಲೀಸ್ ಇಲಾಖೆಗೆ ಸೇರದವರು ಮೂರು ತಿಂಗಳಿಗೊಮ್ಮೆ ಅದರಿಂದ ಒಂದಷ್ಟನ್ನು ಆರಿಸಿ ಪರಿಶೀಲಿಸಲಿ. ಸುಮ್ಮನೆ ಕುತೂಹಲಕ್ಕೋ ಪರಿಚಯದ ಮೇಲೋ ಹುಡುಕಿದವರ ಮೇಲೆ ಇಲಾಖಾ ಕ್ರಮದ ಜೊತೆಗೆ ಮೊಕದ್ದಮೆಯೂ ಆಗಲಿ.

ಮನುಷ್ಯರು ಫೋಟೊ ನೋಡಿ, ಗಾಡಿಯ ಬಗೆ ಮತ್ತು ಬಣ್ಣವನ್ನು ಆರ್‌ಸಿಯೊಂದಿಗೆ ತಾಳೆ ನೋಡದೆ ಯಾವ ಚಲನ್ ಕೂಡ ಹೊರಡಬಾರದು, ಯಾರನ್ನೂ ತಡೆದು ನಿಲ್ಲಿಸಬಾರದು. ಹುಡುಕುವ ಗಾಡಿಗಳ ಪಟ್ಟಿಯನ್ನು ದಿನವೂ ಪರಿಷ್ಕರಿಸಿ, 30 ದಿನಕ್ಕೆ ನಂಬರ್ ತಾನಾಗಿ ಬಿದ್ದುಹೋಗುವಂತೆ, ಬೇಕಿದ್ದರೆ ಅಧಿಕಾರಿ ಮತ್ತೆ ಸೇರಿಸುವಂತೆ ಮಾಡಿ. ಚಲನ್ ತಪ್ಪೆಂದು ಹೇಳುವವರು ಬೆಂಗಳೂರಿಗೋ ಮೊಬೈಲ್ ಆ್ಯಪಿಗೋ ಅಲೆಯದೆ ತಮ್ಮ ಜಿಲ್ಲೆಯಲ್ಲೇ ಕನ್ನಡದಲ್ಲಿ ಅರ್ಜಿ ಕೊಟ್ಟು, 15 ದಿನದಲ್ಲಿ ಉತ್ತರ ಪಡೆಯುವಂತಾಗಬೇಕು. ಫೋಟೊ, ಸಾಧನದ ಆ ವರ್ಷದ ಪ್ರಮಾಣಪತ್ರ, ಗಡಿಯಾರ ಹೊಂದಿಸಿದ ದಾಖಲೆ ಮೂರನ್ನೂ ಅರ್ಜಿದಾರರಿಗೆ ತೋರಿಸಬೇಕು.

ಎಲ್ಲೆಲ್ಲಿ ಕ್ಯಾಮೆರಾ ಇದೆ ಎಂಬ ಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಂತೆ ಯಾರೂ ಕೇಳುವ ಮುಂಚೆಯೇ ಜಿಲ್ಲಾ ಜಾಲತಾಣದಲ್ಲಿ ಹಾಕಿ. ವರ್ಷಕ್ಕೊಮ್ಮೆ ಎಷ್ಟು ನಂಬರ್ ಓದಿತು, ಎಷ್ಟು ಪಟ್ಟಿಗೆ ಹೊಂದಿತು, ಎಷ್ಟು ತಪ್ಪು ಓದು, ಎಷ್ಟು ಹುಡುಕಾಟ ಎಂಬ ನಾಲ್ಕು ಅಂಕಿಗಳನ್ನು ಪ್ರಕಟಿಸಿ. ಇದೇ ಕ್ಯಾಮೆರಾಗೆ ಮುಖ ಗುರುತಿಸುವ ತಂತ್ರಾಂಶವನ್ನು ಸೇರಿಸುವುದಾದರೆ ಅದಕ್ಕೆ ವಿಧಾನಮಂಡಲದಲ್ಲಿ ಬೇರೆಯೇ ಕಾನೂನು ಬೇಕು, ಟೆಂಡರಿನ ಒಂದು ಸಾಲಿನಲ್ಲಿ ಅದು ನುಸುಳಿ ಬರಬಾರದು. ಗುತ್ತಿಗೆ ಕರಾರಿನಲ್ಲಿ ದತ್ತಾಂಶ ಸರ್ಕಾರದ್ದು, ಮಾರುವಂತಿಲ್ಲ, ತಂತ್ರಾಂಶದ ತರಬೇತಿಗೆ ಬಳಸುವಂತಿಲ್ಲ, ಕರಾರು ಮುಗಿದ ದಿನ ಅಳಿಸಿ ಲಿಖಿತ ದೃಢೀಕರಣ ಕೊಡಬೇಕು ಎಂದು ಬರೆಸಿ.

ಇವನ್ನೆಲ್ಲ ಒಂದು ಸುತ್ತೋಲೆಯಲ್ಲಿ ಮುಗಿಸಬೇಡಿ. ಸುತ್ತೋಲೆಯನ್ನು ಇನ್ನೊಂದು ಸುತ್ತೋಲೆ ಬದಲಿಸುತ್ತದೆ. ನಿಯಮದ ಕರಡನ್ನು ಕನ್ನಡದಲ್ಲಿ ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 30 ದಿನ ಕೊಡಿ. ಲಾರಿ, ಆಟೊ, ಟ್ಯಾಕ್ಸಿ ಚಾಲಕರನ್ನೂ ವಕೀಲರನ್ನೂ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಕರೆದು ಕೇಳಿ. ಅಲ್ಲಿಯವರೆಗೆ ಈಗಿರುವ ಕ್ಯಾಮೆರಾಗಳ ದಾಖಲೆಯನ್ನು ಎಷ್ಟು ದಿನ ಇಡಲಾಗುತ್ತಿದೆ, ಯಾರಿಗೆ ನೋಡುವ ಅಧಿಕಾರವಿದೆ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಬಹಿರಂಗವಾಗಿ ಕೊಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ವಾಹನ ಮಾಲೀಕರು ಮತ್ತು ಚಾಲಕರು